ಕಿತ್ತಳೆ ಬಣ್ಣದ ಮಾತ್ರೆ, ಮೂಳೆಯೊಳಗಿನ ಸಸಿಮಡಿ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಸಣ್ಣದೊಂದು ರಕ್ತ ಪರೀಕ್ಷಾ ಕೇಂದ್ರ ನಡೆಸುವ ನಾನು, ಡಿಸೆಂಬರ್ ಕಳೆದ ಮೇಲೆ ಜ್ವರ ಎಂದು ಬಂದವರನ್ನೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಕಾಡಿಗೆ ಹೋಗಿದ್ದಿರಾ? ದರಗು ಗುಡಿಸಲು, ಸೌದೆ ತರಲು, ತಪ್ಪಿಸಿಕೊಂಡ ದನ ಹುಡುಕಲು ಹೋದವರ ಮೈಗೆ ಉಣುಗು ಹತ್ತುವ ಕಾಲ ಅದು. ಹಾಗೆ ಬಂದವರಲ್ಲಿ ತೋಟದ ಮನೆಯ ಅಕ್ಕ ಒಬ್ಬರಿದ್ದರು. ನಾಲ್ಕು ದಿನದ ಜ್ವರ, ಕೆಂಪೇರಿದ ಕಣ್ಣು, ಸೊಂಟ ಮುರಿದುಹೋಗುವಂಥ ನೋವು. ಯಂತ್ರ ಕೊಟ್ಟ ಲೆಕ್ಕ ನೋಡಿದೆ. ಬಿಳಿ ರಕ್ತಕಣ 2,300. ಪ್ಲೇಟ್‌ಲೆಟ್ 88 ಸಾವಿರ. ಬಿಳಿ ಕಣ ಕಡಿಮೆಯೆಂದರೂ 4 ಸಾವಿರ, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇರಬೇಕಿತ್ತು.

ಅವರು ಕೈಚೀಲದಿಂದ ವಿಟಮಿನ್ ಸಿಯ ಕಿತ್ತಳೆ ಬಣ್ಣದ ಚೀಪುವ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. "ತಮ್ಮಾ, ಇದನ್ನು ದಿನಕ್ಕೆ ಎರಡರಂತೆ ಮೂರು ತಿಂಗಳಿಂದ ತಿನ್ನುತ್ತಿದ್ದೇನೆ. ಇದು ಮೂಳೆಯೊಳಗಿನ ಮಜ್ಜೆಯನ್ನು ಒಣಗಿಸುತ್ತದಂತೆ. ಮಗ ಮೊಬೈಲಿನಲ್ಲಿ ಓದಿ ಹೇಳಿದ. ನನ್ನ ಕೌಂಟ್ ಇಳಿದದ್ದು ಇದರಿಂದಲೇ?"

ಉತ್ತರ ಹೇಳುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ವೈದ್ಯರಿಗೆ ತಿಳಿಸಿದೆ. ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಯಿತು, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಎಂದು ಬಂತು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗಕ್ಕೆ ಬಿಳಿ ಕಣವನ್ನೂ ಪ್ಲೇಟ್‌ಲೆಟನ್ನೂ ಒಟ್ಟಿಗೇ ಇಳಿಸುವ ಗುಣವಿದೆ. ಅಕ್ಕ ಆಸ್ಪತ್ರೆ ಸೇರಿದರು, ದೇವರು ದೊಡ್ಡವನು, ಗುಣವಾದರು. ತಿಂಗಳ ಬಳಿಕ ಬಂದಾಗ ಎರಡೂ ಲೆಕ್ಕ ಮೊದಲಿನಂತಾಗಿತ್ತು. ಆದರೆ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. "ಕೌಂಟ್ ಇಳಿಸಿದ್ದು ಜ್ವರ, ಒಪ್ಪಿದೆ. ಹಾಗಾದರೆ ಆ ಮಾತ್ರೆ ಮಜ್ಜೆಗೆ ಏನೂ ಮಾಡುವುದಿಲ್ಲವೇ?"

ಒಂದು ಮಾತಿನಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಅಂದು ಅವರಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಜ್ಜೆ ಏನೆಂಬುದು ಅಡಿಕೆ ತೋಟದವರಿಗೆ ಸಸಿಮಡಿ ಎಂದರೆ ತಟ್ಟನೆ ತಿಳಿಯುತ್ತದೆ. ದೊಡ್ಡವರಲ್ಲಿ ಸೊಂಟದ ಮೂಳೆ, ಬೆನ್ನೆಲುಬು, ಎದೆಮೂಳೆ, ಪಕ್ಕೆಲುಬುಗಳ ಒಳಗೆ ಸ್ಪಂಜಿನಂಥ ಜಾಗವಿದೆ. ಅಲ್ಲಿ ಕೆಲವೇ ಕೆಲವು ಮೂಲ ಕೋಶಗಳು ಬೀಜದ ಗೋಟಿನಂತೆ ಕಾದು ಕುಳಿತಿರುತ್ತವೆ. ಅವುಗಳಿಂದ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಮೊಳೆತು, ಬಲಿತು, ರಕ್ತಕ್ಕೆ ಇಳಿಯುತ್ತವೆ. ಕೆಂಪು ಕಣ ಬದುಕುವುದು ಸುಮಾರು 120 ದಿನ, ಪ್ಲೇಟ್‌ಲೆಟ್ ಎಂಟು ಹತ್ತು ದಿನ. ಬಿಳಿ ಕಣಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ನ್ಯೂಟ್ರೊಫಿಲ್‌ನ ಆಯಸ್ಸು ಅದಕ್ಕಿಂತಲೂ ಕಡಿಮೆ. ಸತ್ತಷ್ಟನ್ನೂ ತುಂಬಿಕೊಡಲು ಈ ಮಡಿ ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳನ್ನು ಎಬ್ಬಿಸಬೇಕು. ಇಷ್ಟು ದುಡಿಯುವ ಜಾಗಕ್ಕೆ ಗೊಬ್ಬರ ತಪ್ಪಿದರೂ ಕಷ್ಟ, ವಿಷ ಬಿದ್ದರೂ ಕಷ್ಟ. ಆದ್ದರಿಂದ ಅಕ್ಕನ ಭಯ ಅಸಡ್ಡೆ ಮಾಡುವಂಥದ್ದಲ್ಲ.

ಇನ್ನು ವಿಟಮಿನ್ ಸಿ. ನಮ್ಮ ದೇಹದ ಕೆಲವು ಕಿಣ್ವಗಳ ನಡುವೆ ಒಂದೊಂದು ಕಬ್ಬಿಣದ ಅಣು ಕುಳಿತಿರುತ್ತದೆ. ಕೆಲಸ ಮಾಡುತ್ತ ಮಾಡುತ್ತ ಅದು ತುಕ್ಕಿನ ಸ್ಥಿತಿಗೆ ಹೋಗುತ್ತದೆ. ಅಡಿಕೆ ಸುಲಿಯುವವರು ಕರೆ ಹಿಡಿದ ಕತ್ತಿಯನ್ನು ಆಗಾಗ ಒರೆಸಿಕೊಳ್ಳುವುದಿಲ್ಲವೇ, ಹಾಗೆ ಆ ಕಬ್ಬಿಣವನ್ನು ಒರೆಸಿ ಮತ್ತೆ ಹರಿತ ಮಾಡುವುದು ವಿಟಮಿನ್ ಸಿ. ಚರ್ಮ, ವಸಡು, ರಕ್ತನಾಳದ ಗೋಡೆಗಳನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ತಯಾರಾಗುವುದು ಇಂಥ ಕಿಣ್ವಗಳಿಂದ. ಹಣ್ಣು ತರಕಾರಿ ಕಾಣದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ವಸಡು ರಕ್ತ ಸುರಿಸಿದ್ದು ಇದೇ ಕಾರಣಕ್ಕೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳನ್ನು ಜೋಡಿ ಜೋಡಿ ಮಾಡಿ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದಾಗ, ಕಿತ್ತಳೆ ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಮೊದಲು ಎದ್ದು ನಿಂತರು. ಕೊಟ್ಟಿಗೆಯ ಎಮ್ಮೆ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ಅಂಗಳದ ನಾಯಿಯೂ ಅಷ್ಟೇ. ಮನುಷ್ಯನಿಗೂ ಮಂಗನಿಗೂ ಆ ಶಕ್ತಿ ಕೈತಪ್ಪಿ ಹೋಗಿದೆ. ತಿಂದೇ ಪಡೆಯಬೇಕು.

ಮಜ್ಜೆಗೂ ಇದು ಬೇಕು. 2017ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಗಳಲ್ಲಿ ನಡೆಸಿದ ಅಧ್ಯಯನಗಳು ಇದನ್ನು ಎತ್ತಿ ತೋರಿಸಿದವು. ಇಲಿಗಳು ಎಮ್ಮೆಯಂತೆ ತಮ್ಮ ವಿಟಮಿನ್ ಸಿ ತಾವೇ ಮಾಡಿಕೊಳ್ಳುವುದರಿಂದ, ಒಂದು ತಂಡ ಆ ಶಕ್ತಿ ಇಲ್ಲದ ಇಲಿಗಳನ್ನು ಆರಿಸಿಕೊಂಡಿತ್ತು. ಮಜ್ಜೆಯ ಮೂಲ ಕೋಶಗಳು ತಮ್ಮಿಂದ ಹುಟ್ಟಿದ ಬಲಿತ ಕೋಶಗಳಿಗಿಂತ ಹೆಚ್ಚು ವಿಟಮಿನ್ ಸಿಯನ್ನು ಒಳಗೆ ಇಟ್ಟುಕೊಳ್ಳುತ್ತವೆ ಎಂಬುದು ಅಲ್ಲಿ ಕಂಡಿತು. ಟೆಟ್-2 ಎಂಬ ಕಿಣ್ವ, ಅದೂ ಕಬ್ಬಿಣದ ಅಣು ಹೊತ್ತದ್ದೇ, ಮೂಲ ಕೋಶಗಳು ಅಳತೆ ಮೀರಿ ಹೆಚ್ಚದಂತೆ ನೋಡಿಕೊಳ್ಳುತ್ತದೆ. ವಿಟಮಿನ್ ಸಿ ಕಡಿಮೆಯಾದಾಗ ಆ ಕಾವಲು ಸಡಿಲವಾಗಿ, ರಕ್ತ ಕ್ಯಾನ್ಸರ್‌ನತ್ತ ಮೊದಲೇ ವಾಲಿದ್ದ ಇಲಿಗಳಲ್ಲಿ ರೋಗ ಬೇಗ ಬೆಳೆಯಿತು. ಇದನ್ನು ಓದಿ ಯಾರೂ ಮಾತ್ರೆ ಹೆಚ್ಚಿಸಬಾರದು; ಇಲಿಯಲ್ಲಿ ಕಂಡದ್ದು ಇಲಿಯದು. ಆದರೆ ಮಜ್ಜೆಗೆ ಈ ವಿಟಮಿನ್ ಶತ್ರುವಲ್ಲ, ಕೊರತೆಯಾದರೇ ತೊಂದರೆ ಎಂಬಷ್ಟು ಮಾತು ಅದರಿಂದ ಸ್ಪಷ್ಟವಾಗುತ್ತದೆ.

ಮನುಷ್ಯರಲ್ಲೂ ಇದರ ಇನ್ನೊಂದು ಮುಖ ಕಾಣುತ್ತದೆ. ಬಿಸ್ಕತ್ತು, ಹಾಲು, ಅನ್ನ ಬಿಟ್ಟು ಬೇರೇನನ್ನೂ ಬಾಯಿಗಿಡದ ಮಕ್ಕಳು ಕೆಲವರಿರುತ್ತಾರೆ. ಅಂಥ ಮಗು ಕಾಲು ನೋವೆಂದು ನಡೆಯುವುದನ್ನೇ ಬಿಟ್ಟಾಗ, ಎಂಆರ್‌ಐ ಚಿತ್ರದಲ್ಲಿ ಮಜ್ಜೆ ವಿಕಾರವಾಗಿ ಕಂಡು, ರಕ್ತ ಕ್ಯಾನ್ಸರ್ ಇರಬಹುದೇ ಎಂದು ವೈದ್ಯರೇ ಗಾಬರಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಕೊನೆಗೆ ಅದು ವಿಟಮಿನ್ ಸಿ ಕೊರತೆ ಎಂದು ತಿಳಿದು, ಕೆಲವೇ ದಿನಗಳ ಚಿಕಿತ್ಸೆಯಲ್ಲಿ ನೋವು ಇಳಿಯುತ್ತದೆ. ಮಗುವಿನ ತಟ್ಟೆಯಲ್ಲಿ ಏನಿರುತ್ತದೆ ಎಂದು ಮೊದಲ ದಿನವೇ ಕೇಳಿದ್ದರೆ ಆ ತಾಯಿ ತಂದೆ ಅಷ್ಟು ರಾತ್ರಿ ನಿದ್ದೆಗೆಡಬೇಕಿರಲಿಲ್ಲ ಎಂದು ನನಗೆ ಪ್ರತಿಬಾರಿಯೂ ಅನ್ನಿಸುತ್ತದೆ.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65, ಹಾಲೂಡಿಸುವ ತಾಯಂದಿರಿಗೆ 115. ಒಂದು ಚೀಪುವ ಮಾತ್ರೆಯಲ್ಲಿರುವುದು 500. ಸುಮಾರು 200 ಮಿಲಿಗ್ರಾಂವರೆಗೆ ಕರುಳು ಬಹುಪಾಲನ್ನು ಹೀರಿಕೊಳ್ಳುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧವೂ ಒಳಗೆ ಹೋಗುವುದಿಲ್ಲ, ಹೋದದ್ದನ್ನು ಮೂತ್ರಪಿಂಡ ಹೊರಗೆ ಚೆಲ್ಲುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ. ಬೆಟ್ಟದ ನೆಲ್ಲಿಕಾಯಿ, ಪೇರಲೆ ಹಣ್ಣುಗಳಲ್ಲಿ 100 ಗ್ರಾಂಗೆ 200 ಮಿಲಿಗ್ರಾಂನಷ್ಟೋ ಅದಕ್ಕೂ ಹೆಚ್ಚೋ ಸಿಗುತ್ತದೆ. ಅಂಗಳದಂಚಿನಲ್ಲಿ ಪೇರಲೆ ಮರ ಇಟ್ಟುಕೊಂಡು, ಹಣ್ಣನ್ನು ಬಾವಲಿಗೆ ಬಿಟ್ಟು, ಔಷಧ ಅಂಗಡಿಯಲ್ಲಿ ಮಾತ್ರೆ ಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ದಿನವೂ ಮಾತ್ರೆ ತಿಂದರೆ ನೆಗಡಿ ಬರುವುದಿಲ್ಲ ಎಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಂತಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ. 8ರಷ್ಟು ಬೇಗ ಬಿಡುತ್ತದೆ, ಅಷ್ಟೇ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಆರೋಗ್ಯವಂತರಲ್ಲಿ ಬಾಯಿಂದ ತೆಗೆದುಕೊಂಡ ವಿಟಮಿನ್ ಸಿ ನೇರವಾಗಿ ಮಜ್ಜೆಯನ್ನು ಒಣಗಿಸುತ್ತದೆ ಎನ್ನಲು ಆಧಾರವಿಲ್ಲ. ಅತಿಯಾದಾಗ ಸಾಮಾನ್ಯವಾಗಿ ಆಗುವುದು ಹೊಟ್ಟೆ ಉಬ್ಬರ, ಭೇದಿ. ಕೆಲವರಿಗೆ ಕಿಡ್ನಿ ಕಲ್ಲು. ದಿನಕ್ಕೆ 2 ಗ್ರಾಂ ಮೀರಬಾರದು ಎಂಬ ಮಿತಿಯನ್ನು ಅಮೆರಿಕದವರು ಹಾಕಿದ್ದು ಮುಖ್ಯವಾಗಿ ಈ ಭೇದಿಯನ್ನು ನೋಡಿಯೇ. ಆದರೆ ಮಜ್ಜೆಗೂ ರಕ್ತಕ್ಕೂ ಅಡ್ಡದಾರಿಯಿಂದ ಪೆಟ್ಟು ಬೀಳುವ ಸಂದರ್ಭಗಳಿವೆ, ಮತ್ತು ಅವುಗಳಲ್ಲಿ ನಮ್ಮ ಮನೆಗಳಿಗೆ ಅತಿ ಹತ್ತಿರದ್ದರ ಅಪರಾಧಿ ವಿಟಮಿನ್ ಸಿ ಅಲ್ಲ, ಅದರ ಜೊತೆಗಾರ ಜಿಂಕ್.

ಕೋವಿಡ್ ಕಾಲದ ಚೀಟಿಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ತೆಗೆದು ನೋಡಿ. ವಿಟಮಿನ್ ಸಿ 500, ಜಿಂಕ್ 50 ಎಂದು ಅಕ್ಕಪಕ್ಕ ಬರೆದಿರುತ್ತದೆ. ಹತ್ತು ಹದಿನೈದು ದಿನಕ್ಕೆಂದು ಬರೆದದ್ದು ಅದು. ಶಕ್ತಿಗೆ ಒಳ್ಳೆಯದು ಎಂದು ವರ್ಷಗಟ್ಟಲೆ ಮುಂದುವರಿಸಿದವರನ್ನು ನಾನೇ ಕಂಡಿದ್ದೇನೆ. ಗಂಡಸರಿಗೆ ದಿನಕ್ಕೆ ಬೇಕಾದ ಜಿಂಕ್ 17 ಮಿಲಿಗ್ರಾಂ, ಅದೂ ಊಟದಲ್ಲಿ ಬರುವುದು ಸೇರಿ. ದೀರ್ಘಕಾಲ 40 ಮೀರಬಾರದು ಎನ್ನುತ್ತಾರೆ. ಹೆಚ್ಚಾದ ಜಿಂಕ್ ಕರುಳಿನ ಒಳಪದರದ ಕೋಶಗಳಲ್ಲಿ ಲೋಹ ಹಿಡಿಯುವ ಒಂದು ಪ್ರೋಟೀನನ್ನು ಎಬ್ಬಿಸುತ್ತದೆ. ಆ ಪ್ರೋಟೀನ್ ಜಿಂಕಿಗಿಂತ ಗಟ್ಟಿಯಾಗಿ ಅಪ್ಪಿಕೊಳ್ಳುವುದು ತಾಮ್ರವನ್ನು. ಊಟದಲ್ಲಿ ಬಂದ ತಾಮ್ರ ಅಲ್ಲೇ ಸೆರೆಯಾಗುತ್ತದೆ, ಕರುಳಿನ ಕೋಶ ಉದುರಿದಾಗ ಅದರ ಜೊತೆಗೆ ಮಲದಲ್ಲಿ ಹೊರಗೆ ಹೋಗುತ್ತದೆ.

ತಾಮ್ರ ಎಂದರೆ ಮಲೆನಾಡಿನವರಿಗೆ ನೆನಪಾಗುವುದು ಮೈಲುತುತ್ತ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯದಿದ್ದರೆ ಅಡಿಕೆ ಉಳಿಯುವುದಿಲ್ಲ. ದೇಹಕ್ಕೂ ತಾಮ್ರ ಬೇಕು, ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ; ಅದು ಬರಬೇಕಾದದ್ದು ಕಾಳು, ಎಳ್ಳು, ಗೇರುಬೀಜಗಳಿಂದ. ಕೂಡಿಟ್ಟ ಕಬ್ಬಿಣ ಕೋಶದಿಂದ ಹೊರಬಂದು ಮಜ್ಜೆಯನ್ನು ತಲುಪಲು ತಾಮ್ರದ ಕಿಣ್ವಗಳೇ ಬಾಗಿಲು ತೆರೆಯಬೇಕು. ತಾಮ್ರ ಬರಿದಾದರೆ ಕಣಜದಲ್ಲಿ ಭತ್ತವಿದ್ದೂ ಅಡುಗೆಮನೆಯಲ್ಲಿ ಅಕ್ಕಿಯಿಲ್ಲದ ಸ್ಥಿತಿ. ಹಿಮೋಗ್ಲೋಬಿನ್ ಇಳಿಯುತ್ತದೆ, ನ್ಯೂಟ್ರೊಫಿಲ್ ಇಳಿಯುತ್ತದೆ. ಪ್ಲೇಟ್‌ಲೆಟ್ ಮಾತ್ರ ಹೆಚ್ಚಿನವರಲ್ಲಿ ಸರಿಯಾಗಿಯೇ ಇರುತ್ತದೆ. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರೆ ಎಳೆಯ ಕೋಶಗಳ ಒಳಗೆ ಸಣ್ಣ ಸಣ್ಣ ಗುಳ್ಳೆಗಳು, ಕೆಲವು ಕೆಂಪು ಕಣದ ಮರಿಗಳಲ್ಲಿ ಕೋಶದ ನಡುವಿನ ಬೀಜದ (ನ್ಯೂಕ್ಲಿಯಸ್) ಸುತ್ತ ಉಂಗುರ ಕಟ್ಟಿದ ಕಬ್ಬಿಣದ ಚುಕ್ಕೆಗಳು. ಮಜ್ಜೆಯ ಒಂದು ಬಗೆಯ ಕ್ಯಾನ್ಸರ್‌ನಲ್ಲೂ ಕಾಣುವುದು ಹೆಚ್ಚು ಕಡಿಮೆ ಇದೇ ಚಿತ್ರ. ತಾಮ್ರದ ಕೊರತೆಯನ್ನು ಕ್ಯಾನ್ಸರ್ ಎಂದು ತಿಳಿದ ಉದಾಹರಣೆಗಳಿವೆ. ಹಲ್ಲಿನ ಸೆಟ್ ಅಂಟಿಸಲು ಬಳಸುವ ಕ್ರೀಮಿನಲ್ಲಿದ್ದ ಜಿಂಕಿನಿಂದಲೇ ಹೀಗಾದವರು ವಿದೇಶದಲ್ಲಿದ್ದಾರೆ.

ಜಿಂಕ್ ನಿಲ್ಲಿಸಿ, ವೈದ್ಯರ ನಿಗಾದಲ್ಲಿ ತಾಮ್ರ ಕೊಟ್ಟರೆ ರಕ್ತ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ನರಗಳ ಕತೆ ಬೇರೆ. ತಾಮ್ರದ ಕೊರತೆ ಬೆನ್ನುಹುರಿಯನ್ನೂ ಮುಟ್ಟುತ್ತದೆ. ಪಾದ ಜೋಮು ಹಿಡಿದು, ಕತ್ತಲಲ್ಲಿ ಹೆಜ್ಜೆ ತಪ್ಪುವಂತಾದ ಮೇಲೆ ಆ ಹಾನಿ ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಲಾಗದು. ವಿಟಮಿನ್ ಸಿಗೂ ತಾಮ್ರದ ಮೇಲೆ ಸ್ವಲ್ಪ ಒತ್ತಡ ಹಾಕುವ ಗುಣವಿದೆ. ದಿನಕ್ಕೆ 1500 ಮಿಲಿಗ್ರಾಂ ತೆಗೆದುಕೊಂಡ ಯುವಕರಲ್ಲಿ, ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನಿನ ಚಟುವಟಿಕೆ ಇಳಿದದ್ದನ್ನು 1983ರಲ್ಲಿ ವರದಿ ಮಾಡಿದ್ದರು. ಅದು ರೋಗದ ಮಟ್ಟಕ್ಕೆ ಹೋಗಿರಲಿಲ್ಲ. ಹಾಗಿದ್ದರೂ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ವರ್ಷಗಟ್ಟಲೆ ಒಟ್ಟಿಗೆ ತಿನ್ನುವುದನ್ನು ನಾನು ಯಾರಿಗೂ ಒಪ್ಪಲಾರೆ.

ಎರಡನೆಯ ಅಡ್ಡದಾರಿ ಆಕ್ಸಲೇಟ್. ಪತ್ರೊಡೆಗೆ ಕೆಸುವಿನ ಎಲೆ ಕೊಯ್ದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಹುಳಿ ಸಾಲದೆ ಬೆಂದ ಕೆಸು ಗಂಟಲಲ್ಲಿ ತುರಿಸುತ್ತದಲ್ಲ, ಅದು ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳ ಕೆಲಸ. ಹೆಚ್ಚಿನ ಕಿಡ್ನಿ ಕಲ್ಲುಗಳೂ ಇದೇ ಪದಾರ್ಥದಿಂದ ಆದವು. ದೇಹದಲ್ಲಿ ವಿಟಮಿನ್ ಸಿಯ ಒಂದು ಭಾಗ ಒಡೆದು ಆಕ್ಸಲೇಟ್ ಆಗುತ್ತದೆ. ಸ್ವೀಡನ್ನಿನಲ್ಲಿ 23 ಸಾವಿರಕ್ಕೂ ಹೆಚ್ಚು ಗಂಡಸರನ್ನು 11 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಟಮಿನ್ ಸಿ ಮಾತ್ರೆ ತಿನ್ನುತ್ತಿದ್ದವರಿಗೆ ಕಲ್ಲಾಗುವ ಸಾಧ್ಯತೆ ಸುಮಾರು ಇಮ್ಮಡಿಯಿತ್ತು. ಮಜ್ಜೆಗೂ ಇದಕ್ಕೂ ಏನು ಸಂಬಂಧ? ಹುಟ್ಟಿನಿಂದಲೇ ಆಕ್ಸಲೇಟ್ ಅತಿಯಾಗಿ ತಯಾರಾಗುವ ಅಪರೂಪದ ಕಾಯಿಲೆಯೊಂದಿದೆ. ಅದರಲ್ಲಿ ಮೂತ್ರಪಿಂಡ ಸೋತ ಮೇಲೆ ಹರಳುಗಳು ಮಜ್ಜೆಯೊಳಗೂ ಕುಳಿತು ಸಸಿಮಡಿಯನ್ನು ಕಲ್ಲುಗದ್ದೆ ಮಾಡುತ್ತವೆ, ಮೂರು ಬಗೆಯ ಕಣಗಳೂ ಇಳಿಯುತ್ತವೆ. ಮಾತ್ರೆಯಿಂದ ಸಾಮಾನ್ಯರಿಗೆ ಹಾಗಾಗುವುದಿಲ್ಲ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಹೆಚ್ಚಿನ ವಿಟಮಿನ್ ಸಿಯಿಂದ ಆಕ್ಸಲೇಟ್ ಏರುವುದು ಖಚಿತ. ಮೂತ್ರಪಿಂಡ ದುರ್ಬಲವಿರುವವರು ಈ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕೆಂಪು ಕಣಗಳನ್ನು ಒಡೆಯದಂತೆ ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಬರುತ್ತದೆ, ಹೆಚ್ಚಾಗಿ ಗಂಡಸರಲ್ಲಿ ತೊಂದರೆ ಕೊಡುತ್ತದೆ. ಮಲೇರಿಯಾಕ್ಕೆ ಪ್ರಿಮಾಕ್ವಿನ್ ಕೊಡುವಾಗ ವೈದ್ಯರು ಇದನ್ನೇ ನೆನೆದು ಎಚ್ಚರ ವಹಿಸುತ್ತಾರೆ. ಅಂಥವರಿಗೆ ಗ್ರಾಂಗಟ್ಟಲೆ ವಿಟಮಿನ್ ಸಿಯನ್ನು ರಕ್ತನಾಳಕ್ಕೆ ಹರಿಸಿದರೆ ಕೆಂಪು ಕಣಗಳು ಒಡೆದು ಮೂತ್ರ ಕಪ್ಪಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಇಲ್ಲಿ ಮಜ್ಜೆ ಕೆಟ್ಟಿರುವುದಿಲ್ಲ. ಒಡೆದದ್ದನ್ನು ತುಂಬಲು ಅದು ಹಗಲಿರುಳು ದುಡಿಯುತ್ತಿರುತ್ತದೆ. ಮೈಬಣ್ಣ ಬೆಳ್ಳಗಾಗುತ್ತದೆ ಎಂದು ವಿಟಮಿನ್ ಸಿ ಡ್ರಿಪ್ ಹಾಕಿಸಿಕೊಳ್ಳುವ ಚಟ ಈಗ ಮದುವೆ ಸೀಸನ್ನಿನಲ್ಲಿ ಸಣ್ಣ ಊರುಗಳಿಗೂ ಬಂದಿದೆ. ಯಾವ ಪರೀಕ್ಷೆಯೂ ಇಲ್ಲದೆ ಆ ಸೂಜಿಗೆ ಕೈಯೊಡ್ಡುವ ಹುಡುಗಿಯರನ್ನು, ಹುಡುಗರನ್ನು ಕೈಮುಗಿದು ತಡೆಯಬೇಕು ಅನ್ನಿಸುತ್ತದೆ.

ಊಟದ ಕಬ್ಬಿಣವನ್ನು ದೇಹ ಹೀರುವಂತೆ ಮಾಡುವುದು ವಿಟಮಿನ್ ಸಿಯ ದೊಡ್ಡ ಉಪಕಾರ. ಕೋಸಂಬರಿಗೂ ಸೊಪ್ಪಿನ ಪಲ್ಯಕ್ಕೂ ನಿಂಬೆ ಹಿಂಡುವುದು ರಕ್ತಹೀನತೆ ಇರುವವರಿಗೆ ನಿಜವಾಗಿ ನೆರವಾಗುತ್ತದೆ. ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಇದ್ದು ಪದೇ ಪದೇ ರಕ್ತ ಹಾಕಿಸಿಕೊಳ್ಳುವವರಿಗೆ ಮಾತ್ರ ಇದೇ ಉಪಕಾರ ತಿರುಗಿ ಬೀಳುತ್ತದೆ. ಕಬ್ಬಿಣ ಈಗಾಗಲೇ ತುಂಬಿ ತುಳುಕುವ ದೇಹದಲ್ಲಿ ವಿಟಮಿನ್ ಸಿ ಅದನ್ನು ಕದಡಿ ಹೃದಯಕ್ಕೆ ಹಾನಿ ಮಾಡಬಹುದು.

ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್‌ಗೆ ಬೋರ್ಟೆಜೊಮಿಬ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ವಿಟಮಿನ್ ಸಿ ಆ ಔಷಧಕ್ಕೆ ಅಂಟಿಕೊಂಡು ಅದರ ಬಲ ಕುಂದಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಆ ಚಿಕಿತ್ಸೆಯಲ್ಲಿರುವವರು ತಾವು ತಿನ್ನುವ ಮಾತ್ರೆಗಳನ್ನೆಲ್ಲ ವೈದ್ಯರ ಮುಂದೆ ಹರಡಿ ತೋರಿಸಬೇಕು.

ಮಜ್ಜೆ ರಕ್ತಕಣಗಳನ್ನು ಮಾಡಲು ಬೇಕಾದ ವಿಟಮಿನ್ ಬಿ12ರ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮಜ್ಜೆ ಒಣಗುತ್ತದೆ ಎಂಬ ಹೆದರಿಕೆಗೆ ಇದೂ ಒಂದು ಹಳೆಯ ಬೇರು. ವಿಟಮಿನ್ ಸಿ ಊಟದಲ್ಲಿರುವ ಬಿ12 ಅನ್ನು ನಾಶಮಾಡುತ್ತದೆ ಎಂದು 1974ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಬರೆದರು. ಬೇರೆಯವರು ಸರಿಯಾದ ವಿಧಾನದಿಂದ ಅಳೆದಾಗ ಆ ನಾಶ ಕಾಣಲಿಲ್ಲ. ಆದರೆ ಬಿ12 ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬೇಕಾದಷ್ಟಿದೆ, ಅದಕ್ಕೆ ಯಾವ ಮಾತ್ರೆಯ ನೆಪವೂ ಬೇಕಿಲ್ಲ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡಿನ ಅಂಚಿನಿಂದ ತೆಳ್ಳಗೆ ಎಳೆದು, ಒಣಗಿಸಿ, ಲೀಷ್ಮನ್ ಬಣ್ಣ ಹಾಕಿ ನೋಡುತ್ತೇನೆ. ಸಾಮಾನ್ಯ ನ್ಯೂಟ್ರೊಫಿಲ್‌ನ ನೇರಳೆ ಬೀಜ ಮೂರು ನಾಲ್ಕು ಹೋಳಾಗಿರುತ್ತದೆ. ಬಿ12 ಇಲ್ಲದವರಲ್ಲಿ ಅದು ಐದು, ಆರು, ಕೆಲವೊಮ್ಮೆ ಏಳು ಹೋಳಾಗಿ ಮಣಿ ಪೋಣಿಸಿದಂತೆ ಕಾಣುತ್ತದೆ. ಪಕ್ಕದ ಕೆಂಪು ಕಣಗಳು ಊದಿ ದೊಡ್ಡದಾಗಿರುತ್ತವೆ. ಹೀಗೆ ಸೊರಗಿದ ಮಜ್ಜೆಯನ್ನು ನಾನು ವಾರಕ್ಕೊಮ್ಮೆಯಾದರೂ ಕಾಣುತ್ತೇನೆ. ವಿಟಮಿನ್ ಸಿಯಿಂದ ಒಣಗಿದ ಮಜ್ಜೆಯನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ.

ಅಕ್ಕ ಎಲ್ಲವನ್ನೂ ಕೇಳಿ, ತಮ್ಮ ಸ್ಟ್ರಿಪ್ಪಿನ ಹಿಂಭಾಗವನ್ನು ನನ್ನಿಂದಲೇ ಓದಿಸಿದರು. ವಿಟಮಿನ್ ಸಿ 500, ಬೇರೇನಿಲ್ಲ. ಊಟ ಸರಿಯಾಗಿ ಮಾಡುತ್ತಿರುವುದರಿಂದ ಇದು ಬೇಡ, ತಿಂದದ್ದರಿಂದ ಮಜ್ಜೆಗೆ ಏನೂ ಆಗಿಲ್ಲ ಎಂದೆ. ಅವರ ಮುಖ ತಿಳಿಯಾಯಿತು. ಎದ್ದು ಹೋಗುವ ಮೊದಲು ಕೈಚೀಲದ ತಳದಿಂದ ಇನ್ನೊಂದು ಸ್ಟ್ರಿಪ್ ತೆಗೆದರು. "ಇದು ನಮ್ಮ ಯಜಮಾನರದು. ಕೊರೊನಾ ಬಂದಾಗ ಶುರು ಮಾಡಿದ್ದು, ಶಕ್ತಿ ಬರುತ್ತದೆ ಎಂದು ಬಿಟ್ಟೇ ಇಲ್ಲ. ಈಗೀಗ ಪಾದ ಜೋಮು ಎನ್ನುತ್ತಾರೆ, ಸಕ್ಕರೆ ಕಾಯಿಲೆ ಇರಬಹುದೇ ತಮ್ಮಾ?"

ಬೆಳಕಿಗೆ ಹಿಡಿದು ಓದಿದೆ. ಜಿಂಕ್, 50 ಮಿಲಿಗ್ರಾಂ.

"ಅಕ್ಕಾ, ಇದನ್ನು ಇವತ್ತು ರಾತ್ರಿ ಕೊಡಬೇಡಿ" ಎಂದೆ. "ನಾಳೆ ಬೆಳಿಗ್ಗೆ ಅವರನ್ನು ಕರೆದುಕೊಂಡು ಬನ್ನಿ. ಸಕ್ಕರೆಯನ್ನೂ ನೋಡೋಣ, ಬಿ12 ನೋಡೋಣ, ತಾಮ್ರಕ್ಕೂ ರಕ್ತ ಕಳಿಸೋಣ. ಈ ಸ್ಟ್ರಿಪ್ ಎಸೆಯಬೇಡಿ, ವೈದ್ಯರಿಗೆ ತೋರಿಸಬೇಕು."